ಬೋಥಾಗೆ ಬರೆದ ಪತ್ರ ಮತ್ತು ‘ರಾಜಿ’ಯ ಆರೋಪ

ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಅಂತ್ಯವನ್ನು 1990ರ ಫೆಬ್ರವರಿ 2ರ ಅಧ್ಯಕ್ಷ ಡಿ ಕ್ಲರ್ಕ್ ಭಾಷಣದಿಂದಲೇ ಶುರುಮಾಡುವ ರೂಢಿ ಇನ್ನೂ ಹೋಗಿಲ್ಲ. ಅದಕ್ಕೆ ಉತ್ತರ ಬೇಕಾದಷ್ಟು ಬಂದಿದೆ. ನನ್ನ ತಕರಾರಿರುವುದು ಮಂಡೇಲಾ ಸೆರೆಯಲ್ಲಿದ್ದಾಗಲೇ ಬಿಳಿಯರೊಂದಿಗೆ ರಾಜಿಯಾಗಿದ್ದರು ಎನ್ನುವವರೊಂದಿಗೆ. (ಅವರ ಹೋರಾಟದ ಬಗ್ಗೆ ನನಗೆ ಗೌರವವಿದೆ, ಓದಿನ ಬಗ್ಗೆ ಅಷ್ಟಿಲ್ಲ.) ಅವರು ಸಾಕ್ಷ್ಯವೆಂದು ಮುಂದಿಡುವುದು 1989ರ ಜುಲೈ 5ರ ಭೇಟಿಗೆ ಮುಂಚೆ ಮಂಡೇಲಾ ಆಗಿನ ಅಧ್ಯಕ್ಷ ಪಿ. ಡಬ್ಲ್ಯು. ಬೋಥಾಗೆ ಬರೆದ ಪತ್ರವನ್ನು.

ಪತ್ರದ ಕೊನೆಯ ಭಾಗದಲ್ಲಿ, ಮುಂದೆ ಸಂಧಾನ ನಡೆದರೆ ಇತ್ಯರ್ಥವಾಗಬೇಕಾದ ಎರಡು ಸಂಗತಿಗಳಿವೆ: ಒಂದು, ಏಕೀಕೃತ ರಾಷ್ಟ್ರದಲ್ಲಿ ಬಹುಮತದ ಆಡಳಿತ ಬೇಕೆಂಬ ಬೇಡಿಕೆ; ಎರಡು, ಆ ಆಡಳಿತ ಕರಿಯರ ದಬ್ಬಾಳಿಕೆಯಾದೀತೆಂಬ ಬಿಳಿಯರ ಅಂಜಿಕೆ ಮತ್ತು ಹಾಗಾಗದಂತೆ ಅವರು ಕೇಳುತ್ತಿದ್ದ ಭದ್ರತೆ. ರಾಜಿಯ ಆರೋಪ ಮಾಡುವವರು ಎರಡನೆಯದನ್ನಷ್ಟೇ ಎತ್ತಿಕೊಂಡು, ಮಂಡೇಲಾ ಭದ್ರತೆ ಕೊಟ್ಟೇಬಿಟ್ಟರು ಎನ್ನುತ್ತಾರೆ. ಎದುರಾಳಿ ಏನು ಕೇಳುತ್ತಿದ್ದಾನೆಂದು ದಾಖಲಿಸುವುದು ಅದನ್ನು ಒಪ್ಪಿಕೊಂಡಂತೆ ಹೇಗಾಗುತ್ತದೆ?

ಪತ್ರದ ಹಿಂದಿನ ಪುಟಗಳನ್ನು ಓದದಿದ್ದರೆ ಮಾತ್ರ ಹಾಗೆ ಕಾಣುತ್ತದೆ. ಮಾತುಕತೆಗೆ ಸರ್ಕಾರದ್ದು ಮೂರು ಷರತ್ತು: ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಹಿಂಸೆಯನ್ನು ತೊರೆಯಬೇಕು, ಕಮ್ಯುನಿಸ್ಟ್ ಪಕ್ಷದ ನಂಟು ಕಡಿದುಕೊಳ್ಳಬೇಕು, ಬಹುಮತದ ಆಡಳಿತದ ಬೇಡಿಕೆ ಕೈಬಿಡಬೇಕು. ಮಂಡೇಲಾ ಮೂರನ್ನೂ ಒಂದೊಂದಾಗಿ ತಿರಸ್ಕರಿಸುತ್ತಾರೆ. ತಾನು ಕಾಂಗ್ರೆಸ್ಸಿನ ನಿಷ್ಠಾವಂತ ಸದಸ್ಯ, ಆದರೆ ಅದನ್ನು ಕೇಳಿ ಈ ಹೆಜ್ಜೆ ಇಟ್ಟಿಲ್ಲ, ತನ್ನ ಕೆಲಸ ಎರಡೂ ಕಡೆಯವರನ್ನು ಸಂಧಾನದ ಮೇಜಿಗೆ ತರುವುದಷ್ಟೇ ಎಂದು ಪತ್ರದಲ್ಲೇ ಹೇಳಿಕೊಳ್ಳುತ್ತಾರೆ. ಮೇಜಿಗೇ ಇನ್ನೂ ಬಾರದ ವಿಷಯದಲ್ಲಿ ಕರಾರಾಗಿತ್ತೆಂಬುದಕ್ಕೆ ಈ ಪತ್ರದಲ್ಲಿ ಆಧಾರವಿಲ್ಲ.

ಈಗ ಪತ್ರವನ್ನು ಮುಂದೆ ನಡೆದದ್ದರ ಪಕ್ಕದಲ್ಲಿಟ್ಟು ನೋಡಬೇಕು. ಫೆಬ್ರವರಿ 2ರಂದು ಡಿ ಕ್ಲರ್ಕ್ ಕಾಂಗ್ರೆಸ್ಸಿನ ಜೊತೆಗೆ ಕಮ್ಯುನಿಸ್ಟ್ ಪಕ್ಷದ ನಿಷೇಧವನ್ನೂ ತೆಗೆದರು. ನಂಟು ಕಡಿದುಕೊಳ್ಳುವ ಷರತ್ತು ಅಲ್ಲಿಗೆ ಮುಗಿಯಿತು. ಸಶಸ್ತ್ರ ಹೋರಾಟ ನಿಂತದ್ದು ಆಗಸ್ಟ್ 6ರ ಪ್ರಿಟೋರಿಯಾ ಒಪ್ಪಂದದಲ್ಲಿ, ಮಂಡೇಲಾ ಬಿಡುಗಡೆಯಾಗಿ ಆರು ತಿಂಗಳಾಗುವ ಹೊತ್ತಿಗೆ. ಆಗಲೂ ಅದು ತಾತ್ಕಾಲಿಕ ಸ್ಥಗಿತ, ಪರಿತ್ಯಾಗವಲ್ಲ. ಡಿ ಕ್ಲರ್ಕ್ ಈ ಪತ್ರ ಓದಿಯೇ ಮನಸ್ಸು ಬದಲಿಸಿದರೆಂದು ನಾನು ಹೇಳುತ್ತಿಲ್ಲ. ಬೀದಿಯ ಚಳವಳಿ, ಆರ್ಥಿಕ ದಿಗ್ಬಂಧನ, ಸಂಧಾನದ ಕುರಿತ 1989ರ ಆಗಸ್ಟ್‌ನ ಹರಾರೆ ಘೋಷಣೆ, ಬರ್ಲಿನ್ ಗೋಡೆಯ ಪತನ ಎಲ್ಲವೂ ಲೆಕ್ಕಕ್ಕಿವೆ. ಆದರೆ ಷರತ್ತುಗಳಲ್ಲಿ ಹಿಂದೆ ಸರಿದವರು ಯಾರೆಂಬುದರಲ್ಲಿ ಅನುಮಾನವಿಲ್ಲ.

ಉಳಿದದ್ದು ಬಿಳಿಯರ ಭದ್ರತೆ. ಸರದಿಯ ಮೇಲೆ ಅಧ್ಯಕ್ಷಗಿರಿ ನಡೆಯಲೆಂದು 1991ರಲ್ಲಿ ಡಿ ಕ್ಲರ್ಕ್ ಅವರ ನ್ಯಾಷನಲ್ ಪಾರ್ಟಿ ಮುಂದಿಟ್ಟ ಪ್ರಸ್ತಾವ ಸೋತಿತು. ಬದಲಿಗೆ ಬಂದದ್ದು ಐದು ವರ್ಷದ ಅವಧಿಗಷ್ಟೇ ಅಧಿಕಾರ ಹಂಚಿಕೆ. ಕಾಲಮಿತಿಯ ಈ ಸೂತ್ರವನ್ನು 1992ರಲ್ಲಿ ಸಾರ್ವಜನಿಕವಾಗಿ ಪ್ರತಿಪಾದಿಸಿದವರು ಜೋ ಸ್ಲೋವೊ. ಯಾರ ನಂಟು ಬಿಡೆಂದು ಬೋಥಾ ಸರ್ಕಾರ ಪಟ್ಟು ಹಿಡಿದಿತ್ತೋ ಆ ಕಮ್ಯುನಿಸ್ಟ್ ಪಕ್ಷದ ನಾಯಕ! ರಾಜಿಯ ಆರೋಪ ಮಾಡುವವರ ಬರಹದಲ್ಲಿ ಸ್ಲೋವೊ ಮಾತ್ರ ಹೆಚ್ಚು ಬೈಸಿಕೊಳ್ಳುವುದಿಲ್ಲ, ಏಕೋ.

ಭೂಮಿ, ಆಸ್ತಿ, ಸಂಪತ್ತಿನ ಹಂಚಿಕೆಯ ಬಗ್ಗೆ ಅವರ ಟೀಕೆಗೆ ಬಲವಿದೆ, ಒಪ್ಪುತ್ತೇನೆ. ಆದರೆ ಆ ತೀರ್ಮಾನಗಳು 1990ರ ನಂತರದವು. ಅವುಗಳ ಹೊಣೆಯನ್ನು ವಿಕ್ಟರ್ ವರ್ಸ್ಟರ್ ಜೈಲಿನಲ್ಲಿ ಕೈದಿಯಾಗಿದ್ದ ಮಂಡೇಲಾ ತಲೆಗೆ ಕಟ್ಟುವುದು ಇತಿಹಾಸವಲ್ಲ, ಪೂರ್ವಗ್ರಹ. ಬಿಳಿಯರಿಗೆ ರಾಜಕೀಯ ವೀಟೊ ಸಿಕ್ಕಿತ್ತೇ ಎಂಬುದಕ್ಕಂತೂ ಡಿ ಕ್ಲರ್ಕ್ ಅವರ ನಡೆಯೇ ಉತ್ತರ. ಅಂತಿಮ ಸಂವಿಧಾನ ಅಂಗೀಕಾರವಾದದ್ದು 1996ರ ಮೇ 8ರಂದು. ಅದರಲ್ಲಿ ಅಧಿಕಾರ ಹಂಚಿಕೆಗೆ ಜಾಗವಿಲ್ಲವೆಂದು ದೂರಿ, ಮರುದಿನವೇ ಅವರ ಪಕ್ಷ ಸರ್ಕಾರದಿಂದ ಹೊರಬರುವುದಾಗಿ ಪ್ರಕಟಿಸಿತು.