ವಠಾರ ಶಾಲೆಯ ಜಗಲಿ: ನಾವು ಬರೆದಿಡಬೇಕಾದ 19 ತಿಂಗಳು



ಕೊರೋನಾ ಅಂದ್ರೆ ನಂಜನಗೂಡಲ್ಲಿ ಎಲ್ಲರಿಗೂ ನೆನಪಾಗೋದು 2020ರ ಮಾರ್ಚ್ ಕೊನೆಯಲ್ಲಿ ಔಷಧ ಕಾರ್ಖಾನೆಯಿಂದ ಹಬ್ಬಿದ ಸೋಂಕು. 70ಕ್ಕೂ ಹೆಚ್ಚು ಜನಕ್ಕೆ ತಗುಲಿ, ಊರ ಹೆಸರು ದೇಶಕ್ಕೆಲ್ಲ ಗೊತ್ತಾಯ್ತು. ಅದಕ್ಕೆ ಲೆಕ್ಕ ಇದೆ. ನಂಜನಗೂಡು, ತಿ.ನರಸೀಪುರದ ಕೇರಿ ಮಕ್ಕಳು ಕಳ್ಕೊಂಡಿದ್ದಕ್ಕೆ ಲೆಕ್ಕ ಎಲ್ಲಿದೆ?

1918ರ ಇನ್‌ಫ್ಲುಯೆಂಜಾದಲ್ಲೂ ಹೀಗೇ ಆಯ್ತು. ಆ ಜ್ವರ ಹೆಚ್ಚಾಗಿ ಹೊತ್ತುಕೊಂಡು ಹೋಗಿದ್ದು 20ರಿಂದ 40 ವಯಸ್ಸಿನವರನ್ನ, ಅಂದ್ರೆ ಎಳೆ ಮಕ್ಕಳ ಅಪ್ಪ ಅವ್ವಂದಿರನ್ನ. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯೇ ಇಳಿದಿತ್ತು. ಸತ್ತವರನ್ನು ಅಂದಾಜು ಮಾಡಿದರು. ಉಳಿದ ಮಕ್ಕಳು ಯಾರ ಮನೆ ದನ ಕಾಯಲು ಹೋದರು ಅಂತ ಯಾರೂ ಬರೆಯಲಿಲ್ಲ.

ಅದೇ 1910ರ ದಶಕದಲ್ಲೇ ಮೈಸೂರು ಸಂಸ್ಥಾನ ‘ಪಂಚಮ’ ಮಕ್ಕಳಿಗೆ ಎಲ್ಲರ ಶಾಲೆ ತೆರೆಯಲು ಹೊರಟಿದ್ದು. ಸವರ್ಣರು ವಿರೋಧಿಸಿದರು. ಅಷ್ಟು ಕಷ್ಟಪಟ್ಟು ಸಿಕ್ಕ ಜಾಗ ಅದು. ಹಳ್ಳಿಯಲ್ಲಿ ಊರಿನ ಮಕ್ಕಳೂ ಕೇರಿ ಮಕ್ಕಳೂ ಒಂದೇ ನೆಲದ ಮೇಲೆ ಕೂರುವ ಜಾಗ ಇದ್ದರೆ ಅದು ಸರ್ಕಾರಿ ಶಾಲೆ.

2020ರ ಮಾರ್ಚಲ್ಲಿ ಆ ಕೋಣೆಗೆ ಬೀಗ ಬಿತ್ತು. ಬಿಸಿಯೂಟ ನಿಂತಿತು, ಬದಲಿಗೆ ಅಕ್ಕಿ ಬೇಳೆ ಕೊಟ್ಟರು. ಪಾಠ ಮೊಬೈಲಿಗೆ ಹೋಯ್ತು. ನಮ್ ಮನೆಗಳಲ್ಲಿ ಇರೋ ಒಂದು ಮೊಬೈಲು ಅಪ್ಪನ ಜೇಬಲ್ಲಿ, ಅಪ್ಪ ಗಾರೆ ಕೆಲಸದಲ್ಲಿ. ಆಗಸ್ಟಲ್ಲಿ ‘ವಿದ್ಯಾಗಮ’ ಬಂತು. ಮರದ ನೆರಳು, ಸಮುದಾಯ ಭವನ, ದೇವಸ್ಥಾನದ ಜಗಲಿಯಲ್ಲಿ ಮೇಷ್ಟ್ರುಗಳು ಜೀವ ಕೈಲಿ ಹಿಡ್ಕೊಂಡೇ ಪಾಠ ಮಾಡಿದರು. ಅವರನ್ನ ನಾನು ದೂರಲ್ಲ. ಆದರೆ ನಾನು ಕಂಡ ಒಂದೂರಲ್ಲಿ ನಮ್ಮ ಮಕ್ಕಳು ಜಗಲಿ ಹತ್ತದೆ ಕೆಳಗೆ ಮಣ್ಣಲ್ಲಿ ಕೂತಿದ್ದವು. ಯಾರೂ ಗದರಿರಲಿಲ್ಲ. ‘ಮೇಲೆ ಹತ್ಬೇಡ ಮಗ’ ಅಂತ ಮನೇಲೇ ಹೇಳಿ ಕಳ್ಸಿದ್ರು.

ಸೋಂಕು ಹೆಚ್ಚಿ ಅಕ್ಟೋಬರಲ್ಲಿ ಅದೂ ನಿಂತಿತು. 1ರಿಂದ 5ನೇ ತರಗತಿಗೆ ಶಾಲೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. 19 ತಿಂಗಳು! 2020ರಲ್ಲಿ ಒಂದನೇ ಕ್ಲಾಸಿಗೆ ಹೆಸರು ಬರೆಸಿದ ಮಗು ಮೊದಲ ಸಲ ಕ್ಲಾಸಲ್ಲಿ ಕೂತಾಗ ಎರಡನೇ ಕ್ಲಾಸಲ್ಲಿತ್ತು. ಆ ಮಗು SSLC ಬರೆಯೋದು 2030ರಲ್ಲಿ. ಅಂದ್ರೆ ಈ ಚರಿತ್ರೆ ಇನ್ನೂ ಮುಗಿದಿಲ್ಲ.

ನಾನು ಗುಮಾಸ್ತ, ರಿಜಿಸ್ಟರ್ ನೋಡೋದೇ ನನ್ನ ಕೆಲಸ. ನಿಮ್ಮೂರ SDMCಯಲ್ಲಿ ಇರೋರು 2020ರ ದಾಖಲಾತಿ ಪುಸ್ತಕ ತೆಗೆಸಿ, ಈಗಿನ ಹಾಜರಾತಿ ಪಕ್ಕಕ್ಕಿಟ್ಟು ನೋಡಿ. ಇಲ್ಲದ ಹೆಸರುಗಳನ್ನ ಬರೆದುಕೊಳ್ಳಿ. ಆ ಮನೆಗಳಿಗೆ ಹೋಗಿ ಕೇಳಿ. ನಮ್ಮ ಮಕ್ಕಳ ಲೆಕ್ಕ ನಾವೇ ಇಡಬೇಕು.

ಜೈ ಭೀಮ್.