ಓಡಿಬಂದ ಹುಡುಗನಿಗೆ ಒಂದು ಸೂರು

ಮುಂಬಯಿ ಕನ್ನಡಿಗರ ಹಳೆಯ ತಲೆಮಾರಿನಲ್ಲಿ ಈ ಕಥೆ ಕೇಳದ ಮನೆ ಕಡಿಮೆ. ಹತ್ತು ಹನ್ನೆರಡು ವರ್ಷದ ಹುಡುಗ. ಊರು ಉಡುಪಿ, ಕುಂದಾಪುರ, ಕಾರ್ಕಳದ ಕಡೆ. ಶಾಲೆಯಲ್ಲಿ ಫೇಲಾದನೋ, ಅಪ್ಪನ ಪೆಟ್ಟು ತಾಳಲಾರದೆ ಹೋದನೋ, ಮನೆಯಲ್ಲಿ ಗಂಜಿಗೂ ತತ್ವಾರವಾಯಿತೋ, ಒಂದು ದಿನ ಯಾರಿಗೂ ಹೇಳದೆ ಹೊರಟುಬಿಟ್ಟ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ಹೊರಟವರಿಗೆ ಹಡಗೋ ಬಸ್ಸೋ ಗತಿ. ಮುಂಬಯಿಯಲ್ಲಿ ಇಳಿದಾಗ ಅವನಿಗೆ ಗೊತ್ತಿದ್ದದ್ದು ಒಂದೇ ವಿಳಾಸ: ಊರಿನವರೊಬ್ಬರ ಹೊಟೇಲು.

ಅಲ್ಲಿ ಅವನು 'ಮಾಣಿ'ಯಾದ. ಲೋಟ ತೊಳೆದ, ಟೇಬಲ್ ಒರೆಸಿದ, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಟೇಬಲ್‌ಗಳ ನಡುವೆ ಚಾಪೆ ಹಾಸಿ ಮಲಗಿದ. ಎರಡು ಹೊತ್ತು ಊಟ ಸಿಕ್ಕಿತು, ತನ್ನ ಭಾಷೆ ಆಡುವವರು ಸಿಕ್ಕಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್‌ನಂಥ ಸಂಘಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದುವ ಅವಕಾಶವೂ ಸಿಕ್ಕಿತು. ಹೀಗೆ ಓದಿದವರಲ್ಲಿ ವಕೀಲರಾದವರು, ಬ್ಯಾಂಕು ಸೇರಿದವರು, ಸ್ವಂತ ಹೊಟೇಲು ತೆರೆದವರು ಇದ್ದಾರೆ.

ಮನೆ ಬಿಟ್ಟ ಮಕ್ಕಳ ಆಶ್ರಯದ ಇತಿಹಾಸದಲ್ಲಿ ಉಡುಪಿ ಹೊಟೇಲಿನ ಹೆಸರು ಬರುವುದಿಲ್ಲ. ಆದರೆ ಸೂರು, ಊಟ, ಭಾಷೆ, ಶಾಲೆ ಈ ನಾಲ್ಕನ್ನೂ ಒಂದೇ ಕಡೆ ಕೊಟ್ಟ ವ್ಯವಸ್ಥೆ ಆ ಕಾಲದಲ್ಲಿ ಬೇರೆ ಯಾವುದಿತ್ತು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಅದರ ಬೆಲೆಯನ್ನೂ ಮರೆಯುವಂತಿಲ್ಲ. ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ದುಡಿಯುತ್ತಿದ್ದವನು ಒಬ್ಬ ಬಾಲಕ. ಮೇಲೆ ಬಂದವರ ಕಥೆ ಸಂಘದ ಸ್ಮರಣ ಸಂಚಿಕೆಗಳಲ್ಲಿ ಉಳಿಯಿತು, ಮೋರಿಯ ಬಳಿಯೇ ಉಳಿದವರ ಕಥೆ ಉಳಿಯಲಿಲ್ಲ. ಊರಿನ, ಜಾತಿಯ ನಂಟಿಲ್ಲದ ಹುಡುಗನಿಗೆ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. ಹುಡುಗಿಗಂತೂ ಅಲ್ಲಿ ಜಾಗವೇ ಇರಲಿಲ್ಲ.

ಆ ನಂಟಿಲ್ಲದವರಿಗೆ ಅದೇ ನಗರ ಕೊಟ್ಟ ಉತ್ತರ ಬೇರೆಯೇ ಆಗಿತ್ತು. 1857ರಲ್ಲಿ ಡೇವಿಡ್ ಸಸೂನ್ ಹೆಸರಿನ ಸುಧಾರಣಾ ಶಾಲೆ ಮುಂಬಯಿಯಲ್ಲಿ ಆರಂಭವಾಯಿತು. ತಪ್ಪು ಮಾಡಿದ ಹುಡುಗರನ್ನು ದೊಡ್ಡವರ ಜೈಲಿಗೆ ಹಾಕುವ ಬದಲು ಕಸುಬು ಕಲಿಸಬೇಕು ಎಂಬುದು ಅದರ ಹಿಂದಿನ ವಿಚಾರ. ಆ ಕಾಲಕ್ಕೆ ಅದು ಕರುಣೆಯ ಮಾತೇ. 1924ರಲ್ಲಿ ಮುಂಬಯಿ ಪ್ರಾಂತ್ಯದ ಮಕ್ಕಳ ಕಾಯ್ದೆ ಬಂತು. 1920ರಲ್ಲಿ ಮದರಾಸು, 1922ರಲ್ಲಿ ಬಂಗಾಳ ಇಂಥ ಕಾಯ್ದೆ ಮಾಡಿದ್ದವು. ಅದನ್ನು ಜಾರಿಗೆ ತರಲು 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಸ್ಥಾಪನೆಯಾಯಿತು.

ಈ ಕಾಯ್ದೆಗಳಲ್ಲಿ ಒಂದು ತೊಡಕಿತ್ತು. ಕಳ್ಳತನ ಮಾಡಿದ ಮಗುವೂ ಮನೆಯಿಲ್ಲದೆ ಅಲೆಯುವ ಮಗುವೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತಿದ್ದವು. ಪೊಲೀಸ್ ಹಿಡಿಯಬೇಕು, ಕೋರ್ಟು ಕಳಿಸಬೇಕು, ರಿಮ್ಯಾಂಡ್ ಹೋಮ್ ಇಟ್ಟುಕೊಳ್ಳಬೇಕು. ಮುಂಬಯಿಯ ಡೋಂಗ್ರಿಯ ರಿಮ್ಯಾಂಡ್ ಹೋಮ್ ಇದ್ದದ್ದು ಹಳೆಯ ಜೈಲಿನ ಆವರಣದಲ್ಲಿ. 1882ರಲ್ಲಿ ಟಿಳಕರೂ ಆಗರಕರರೂ 101 ದಿನ ಸೆರೆವಾಸ ಅನುಭವಿಸಿದ ಜೈಲು ಅದು. ಮನೆ ಬಿಟ್ಟು ಬಂದದ್ದಷ್ಟೇ ಮಾಡಿದ ಮಗುವಿಗೆ ಆ ಗೋಡೆಯ ಒಳಗೆ ತಾನು ಅಪರಾಧಿಯಲ್ಲ ಎಂದು ಅನ್ನಿಸುವುದಾದರೂ ಹೇಗೆ? ಹಾಗಾಗಿ ಸಹಾಯಕ್ಕೆಂದು ಕಟ್ಟಿದ ಮನೆಯನ್ನು ಕಂಡು ಮಕ್ಕಳು ಓಡಿದರು. ಪ್ಲಾಟ್‌ಫಾರ್ಮೇ ವಾಸಿ ಎನ್ನಿಸಿತು.

ಗೋಡೆಯ ಎತ್ತರ ಮೊದಲು ಇಳಿದದ್ದು ಸರ್ಕಾರದ ಹೊರಗೆ. 1962ರಲ್ಲಿ ಸ್ಪೇನಿನಿಂದ ಬಂದ ಜೆಸ್ವಿಟ್ ಪಾದ್ರಿ ರಿಕಾರ್ಡೊ ಫ್ರಾನ್ಸಿಸ್ಕೊ ಮುಂಬಯಿಯಲ್ಲಿ ಸ್ನೇಹಸದನ ಆರಂಭಿಸಿದರು. ನೂರಾರು ಮಕ್ಕಳನ್ನು ತುಂಬುವ ದೊಡ್ಡ ಕಟ್ಟಡದ ಬದಲು ಪುಟ್ಟ ಪುಟ್ಟ ಮನೆಗಳು, ಪ್ರತಿ ಮನೆಯಲ್ಲೂ ಅಪ್ಪ ಅಮ್ಮನ ಸ್ಥಾನದಲ್ಲಿ ಇರುವವರು. 1980ರಲ್ಲಿ ಬೆಂಗಳೂರಿನಲ್ಲಿ ಸಲೇಶಿಯನ್ ಸಭೆಯವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಮಗು ತಮ್ಮ ಬಾಗಿಲಿಗೆ ಬರಲೆಂದು ಕಾಯದೆ ತಾವೇ ಬೀದಿಗಿಳಿದು ಚಿಂದಿ ಆಯುವ ಹುಡುಗರ ಜೊತೆ ಕೂತು ಮಾತಾಡತೊಡಗಿದರು. ಅವರು ಇಟ್ಟ ಹೆಸರೂ ಅಚ್ಚ ಕನ್ನಡದ್ದು: ಬೆಂಗಳೂರು ಓಣಿಯವರ ಸೇವಾ ಕೂಟ. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ 'ಬಾಸ್ಕೊ' ಆಗುತ್ತದೆ. 1988ರಲ್ಲಿ ಮೀರಾ ನಾಯರ್ ಅವರ 'ಸಲಾಂ ಬಾಂಬೆ' ಚಿತ್ರ ಬಂದ ಬೆನ್ನಿಗೇ ಸಲಾಂ ಬಾಲಕ ಟ್ರಸ್ಟ್ ಹುಟ್ಟಿ, ದೆಹಲಿ ಮತ್ತು ಮುಂಬಯಿಯಲ್ಲಿ ಕೆಲಸ ಮಾಡಿತು.

1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲಿಮೋರಿಯಾ ಈ ವಿಚಾರವನ್ನು ಫೋನಿಗೆ ತಂದರು. ಬೀದಿಯ ಮಕ್ಕಳಿಗೆ ತೊಂದರೆಯಾಗುವುದು ಹೆಚ್ಚಾಗಿ ರಾತ್ರಿ, ಕಚೇರಿಗಳು ಮುಚ್ಚಿದ ಮೇಲೆ. ಆಗ ಕರೆಯಲು ಒಂದು ನಂಬರು ಬೇಕು, ಕಾಸಿಲ್ಲದೆ ಹೋಗುವ ನಂಬರು, ಓದು ಬಾರದವನ ನೆನಪಿನಲ್ಲೂ ನಿಲ್ಲುವ ನಂಬರು. ಹತ್ತು, ಒಂಬತ್ತು, ಎಂಟು. 1098 ಹುಟ್ಟಿದ್ದು ಹೀಗೆ. ರಿಮ್ಯಾಂಡ್ ಹೋಮ್ ಮಗುವನ್ನು ಹಿಡಿದು ತರುತ್ತಿತ್ತು, ಇಲ್ಲಿ ಮಗುವೇ ದೊಡ್ಡವರನ್ನು ಕರೆಯಬಹುದಿತ್ತು. ಮೂರು ದಶಕದ ಹತ್ತಿರ ಸ್ವಯಂಸೇವಾ ಸಂಸ್ಥೆಗಳ ಜಾಲವಾಗಿ ನಡೆದ ಈ ಸೇವೆಯನ್ನು 2023ರಲ್ಲಿ ಸರ್ಕಾರ ತನ್ನ ಕೈಗೆ ತೆಗೆದುಕೊಂಡು 112ರ ತುರ್ತು ವ್ಯವಸ್ಥೆಗೆ ಜೋಡಿಸತೊಡಗಿತು. ನಂಬರು ಮಾತ್ರ ಬದಲಾಗಲಿಲ್ಲ.

ಇದೇ ಹೊತ್ತಿಗೆ ಮುಂಬಯಿ–ಚೆನ್ನೈ ರೈಲು ದಾರಿಯ ರಾಯಚೂರಿನಲ್ಲಿ ಇನ್ನೊಂದು ಪಾಠ ನಡೆದಿತ್ತು. ಅಲ್ಲಿ 1992ರಲ್ಲಿ ಆರಂಭವಾದ 'ಸಾಥಿ' ಸಂಸ್ಥೆ ಪ್ಲಾಟ್‌ಫಾರ್ಮಿನ ಮಕ್ಕಳಿಗೆ ಆಸರೆ ಕೊಡಲು ಹೊರಟಿತ್ತು. ಕ್ರಮೇಣ ಪ್ರಮೋದ್ ಕುಲಕರ್ಣಿ ಮತ್ತು ಜೊತೆಗಾರರಿಗೆ ಒಂದು ಸಂಗತಿ ಕಾಣತೊಡಗಿತು. ಊಟ, ಹಾಸಿಗೆ ಕೊಟ್ಟು ಇಟ್ಟುಕೊಂಡರೆ ಮಗು ನಿಲ್ದಾಣದ ಬದುಕಿಗೇ ಒಗ್ಗಿಕೊಳ್ಳುತ್ತದೆ. ಬಂದ ಮೊದಲ ದಿನಗಳಲ್ಲೇ ಸಿಕ್ಕಿ, ಸಮಾಧಾನದಿಂದ ಮಾತಾಡಿಸಿದರೆ, ಮನೆಗೆ ಹೋಗಲು ಒಪ್ಪುವವರೇ ಹೆಚ್ಚು. ಅನೇಕರು ಓಡಿಬಂದದ್ದು ಒಂದು ಬೈಗುಳಕ್ಕೆ, ಒಂದು ಪೆಟ್ಟಿಗೆ. ಹಿಂತಿರುಗದಂತೆ ತಡೆಯುತ್ತಿದ್ದದ್ದು ನಾಚಿಕೆ ಮತ್ತು ಭಯ. ಬೀದಿಗೆ ಹಳಬರಾದ ಹುಡುಗರಿಗಾಗಿ ಸಾಥಿ ಶಿಬಿರ ನಡೆಸಿತು. ಕೊನೆಯ ದಿನ ಅಪ್ಪ ಅಮ್ಮಂದಿರೇ ಬಂದು ಮಕ್ಕಳನ್ನು ಕರೆದೊಯ್ಯುತ್ತಿದ್ದರು.

ಆದರೆ ಎಲ್ಲ ಮನೆಗಳೂ ಹಿಂತಿರುಗಬಹುದಾದ ಮನೆಗಳಲ್ಲ. ಮಲತಂದೆಯ ಕೈಯಿಂದ, ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ಬಂದ ಮಗುವನ್ನು ಅದೇ ಬಾಗಿಲಿಗೆ ಬಿಟ್ಟುಬಂದರೆ ಅದು ಸೇವೆಯಲ್ಲ. ಹೀಗಾಗಿಯೇ ಇಂದಿನ ಬಾಲನ್ಯಾಯ ಕಾಯ್ದೆ, ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು ಎನ್ನುತ್ತದೆ. ಮನೆಯೋ, ಆಶ್ರಯವೋ ಎಂಬುದನ್ನು ಮಗುವಿನ ಮಾತು ಕೇಳಿ ಸಮಿತಿ ತೀರ್ಮಾನಿಸಬೇಕು.

2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳು ಹೊಟೇಲು, ಢಾಬಾಗಳಲ್ಲಿ ದುಡಿಯುವುದು ನಿಷಿದ್ಧವಾಯಿತು. ಮಾಣಿಯ ಕಾಲ ಕಾನೂನಿನ ಪ್ರಕಾರ ಅಲ್ಲಿಗೆ ಮುಗಿಯಿತು, ಮುಗಿಯಲೇಬೇಕಿತ್ತು. ಓಡಿಬರುವುದು ಮಾತ್ರ ಮುಗಿದಿಲ್ಲ. 2018ರಿಂದ 2024ರ ಮೇ ತಿಂಗಳವರೆಗೆ ರೈಲ್ವೆ ರಕ್ಷಣಾ ಪಡೆ ನಿಲ್ದಾಣಗಳಲ್ಲಿ, ರೈಲುಗಳಲ್ಲಿ ರಕ್ಷಿಸಿದ ಮಕ್ಕಳ ಸಂಖ್ಯೆ 84,119.

ಹಳೆಯ ಹೊಟೇಲು ಕೊಟ್ಟದ್ದರಲ್ಲಿ ದುಡಿತ ಹೋಗಬೇಕಾದದ್ದೇ. ಉಳಿಯಬೇಕಾದದ್ದು ಒಂದಿದೆ. ಇಳಿದ ಹುಡುಗನನ್ನು ಅಲ್ಲಿ ಯಾರೋ ಒಬ್ಬರು ಅವನದೇ ಭಾಷೆಯಲ್ಲಿ 'ಊಟ ಆಯ್ತಾ?' ಎಂದು ಕೇಳುತ್ತಿದ್ದರು. ಕಲಬುರಗಿಯಿಂದಲೋ ಯಾದಗಿರಿಯಿಂದಲೋ ಹೊರಟು ಪುಣೆಯಲ್ಲಿ, ಸಿಕಂದರಾಬಾದಿನಲ್ಲಿ ಇಳಿದು, ಮರಾಠಿಯೂ ತೆಲುಗೂ ತಿಳಿಯದೆ ನಿಂತಿರುವ ಮಗುವಿಗೆ ಇವತ್ತಿಗೂ ಮೊದಲು ಬೇಕಾದದ್ದು ಆ ಒಂದು ಮಾತು. ಅದನ್ನು ಕೇಳಲು ಸಂಸ್ಥೆ ಬೇಕಿಲ್ಲ, ಪ್ಲಾಟ್‌ಫಾರ್ಮಿನಲ್ಲಿರುವ ಯಾವ ಕನ್ನಡಿಗನಾದರೂ ಸಾಕು. ಮುಂದಿನದಕ್ಕೆ 1098 ಇದೆ.