ಕೂದಲು ಉದುರುವುದು, ನರೆಯುವುದು: ರೋಗವೋ, ಮುಪ್ಪೋ?



ಬನದ ಹುಣ್ಣಿಮೆಯ ಹೊತ್ತಿಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಒಮ್ಮೆಯಾದರೂ ಹೋಗದವರು ನಮ್ಮ ಬಾದಾಮಿ ಸೀಮೆಯಲ್ಲಿ ಸಿಗುವುದಿಲ್ಲ. ತೇರು, ಹೊಂಡ, ರಾತ್ರಿಯಿಡೀ ನಡೆಯುವ ನಾಟಕ ಕಂಪನಿಗಳು, ಬಳೆ ಮತ್ತು ಅತ್ತರಿನ ಅಂಗಡಿಗಳು, ಇವುಗಳ ನಡುವೆ ನೀವು ಇನ್ನೊಬ್ಬನನ್ನೂ ನೋಡಿರುತ್ತೀರಿ. ಬೇರು, ತೊಗಟೆ, ಎಣ್ಣೆಯ ಬಾಟಲಿಗಳನ್ನು ಹರವಿಕೊಂಡು, ಮೊಣಕಾಲು ಮುಟ್ಟುವ ಕೂದಲಿನ ಹೆಣ್ಣುಮಗಳ ಫೋಟೊ ಇಟ್ಟುಕೊಂಡು ಕುಳಿತವನು. ಬೋಳುತಲೆಯ ಮೇಲೂ ಮೂರು ತಿಂಗಳಲ್ಲಿ ಕೂದಲು ಬರಿಸುವೆನೆಂಬುದು ಅವನ ಮಾತು. ಅವನ ಸುತ್ತ ನಿಂತವರಲ್ಲಿ ಮುದುಕರಿಗಿಂತ ಕಾಲೇಜು ಹುಡುಗರೇ ಹೆಚ್ಚು. ಹೆಣ್ಣುಮಕ್ಕಳು ಅಲ್ಲಿ ನಿಲ್ಲುವುದಿಲ್ಲ. ಅವರ ಚಿಂತೆ ದುಪಟ್ಟಾದ ಒಳಗೇ ಉಳಿಯುತ್ತದೆ, ಮದುವೆ ಮಾತುಕತೆಯ ಸಮಯದಲ್ಲಿ ಮಾತ್ರ ಹೊರಬರುತ್ತದೆ.

ಔಷಧಿ ಮಾಡಿಕೊಳ್ಳಬಹುದೇ ಎಂದು ಕೇಳಿದ ಹಳ್ಳಿಗರಿಗೆ ಪ್ರವಾದಿವರ್ಯರು(ಸ) ಮಾಡಿಕೊಳ್ಳಲು ಹೇಳಿ, ಮುಪ್ಪೊಂದನ್ನು ಬಿಟ್ಟರೆ ಅಲ್ಲಾಹನು ಮದ್ದಿಲ್ಲದ ಯಾವ ರೋಗವನ್ನೂ ಇಟ್ಟಿಲ್ಲ ಎಂಬ ಅರ್ಥದ ಮಾತನ್ನು ಆಡಿದ್ದು ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ಕೂದಲಿನ ವಿಷಯದಲ್ಲಿ ಇದನ್ನು ನೆನೆದಾಗ ಒಂದು ಪ್ರಶ್ನೆ ಏಳುತ್ತದೆ. ಉದುರುವುದು ಮತ್ತು ನರೆಯುವುದು ರೋಗಗಳೋ, ಮುಪ್ಪಿನ ಭಾಗವೋ? ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಜನ ಇದನ್ನೇ ಹುಡುಕುತ್ತ ಬಂದಿದ್ದಾರೆ.

ಗ್ರೀಕರ ಹಿಪ್ಪೊಕ್ರೇಟಿಸನ ಹೆಸರಿನಲ್ಲಿರುವ ವೈದ್ಯಸೂತ್ರಗಳಲ್ಲಿ ನಪುಂಸಕರ ತಲೆ ಬೋಳಾಗುವುದಿಲ್ಲ ಎಂಬ ಒಂದು ಸಾಲಿನ ಗಮನಿಕೆ ಇದೆ. ಏಕೆಂಬುದಕ್ಕೆ ಸರಿಯಾದ ಉತ್ತರ ಆಗ ಇರಲಿಲ್ಲ. ಅದೇ ಗ್ರೀಕರು ಕೂದಲು ಉದುರುವ ಕಾಯಿಲೆಗೆ ನರಿಯ ಹೆಸರಿಟ್ಟರು. ಕಜ್ಜಿ ಹತ್ತಿದ ನರಿಯ ತುಪ್ಪಳ ಅಲ್ಲಲ್ಲಿ ಉದುರುವುದನ್ನು ಕಂಡು ಇಟ್ಟ ಹೆಸರಿದು. ಇಂದಿಗೂ ಡಾಕ್ಟರರು ಚೀಟಿಯಲ್ಲಿ ಬರೆಯುವ ‘ಅಲೊಪೇಶಿಯ’ ಎಂಬುದು ಅದೇ ಶಬ್ದ. ಅರಬ್ಬಿ ವೈದ್ಯರು ಅದನ್ನು ‘ದಾಉಸ್ಸಅಲಬ್’, ಅಂದರೆ ನರಿರೋಗ, ಎಂದು ತಮ್ಮ ಭಾಷೆಗೆ ತಂದುಕೊಂಡರು. ನಮ್ಮ ಯೂನಾನಿ ಹಕೀಮರ ಬಾಯಲ್ಲಿ ಈ ಹೆಸರು ಈಗಲೂ ಇದೆ.

ಇಬ್ನ್ ಸೀನಾ (980–1037) ತಮ್ಮ ‘ಅಲ್ ಖಾನೂನ್’ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ದೇಹದ ಅಂದಚೆಂದಕ್ಕೆ ಸಂಬಂಧಿಸಿದ ಭಾಗದಲ್ಲಿ ಕೂದಲನ್ನು ವಿವರವಾಗಿ ಚರ್ಚಿಸಿದ್ದಾರೆ. ದೇಹದೊಳಗಿನ ಹೊಗೆಯಂಥ ಆವಿ ಚರ್ಮದ ರಂಧ್ರಗಳಲ್ಲಿ ಗಟ್ಟಿಯಾಗಿ ಕೂದಲಾಗುತ್ತದೆ, ಕಫ ಅಂದರೆ ಬಲ್ಗಮ್ ಹೆಚ್ಚಿದರೆ ನರೆಯುತ್ತದೆ ಎಂಬುದು ಆ ಕಾಲದ ಯೂನಾನಿ ಸಿದ್ಧಾಂತ. ಇಂದಿನ ವಿಜ್ಞಾನ ಇದನ್ನು ಒಪ್ಪುವುದಿಲ್ಲ, ನಾವೂ ಎಳೆದಾಡಿ ಒಪ್ಪಿಸಬೇಕಾಗಿಲ್ಲ. ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಕಂಡಿದ್ದರು ಎಂದು ಭಾಷಣ ಮಾಡುವುದು ಸುಲಭ. ಆದರೆ ಅವರ ನಿಜವಾದ ಹಿರಿಮೆ ಬೇರೆ ಕಡೆ ಇದೆ: ಮದ್ದು ಹೇಳುವ ಮುಂಚೆ ಕಾರಣ ಯಾವುದೆಂದು ಕೇಳುವುದು, ಕೂದಲು ತುಂಡಾಗುವುದನ್ನು, ಉದುರುವುದನ್ನು, ನರೆಯುವುದನ್ನು ಒಂದೇ ಎಂದು ತಿಳಿಯದೆ ಬೇರೆ ಬೇರೆಯಾಗಿ ನೋಡುವುದು. ಈ ಗ್ರಂಥ ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ತೊಲೆಡೊ ನಗರದಲ್ಲಿ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನ ವೈದ್ಯಶಾಲೆಗಳ ಪಠ್ಯವಾಯಿತು.

ನಮ್ಮ ಸೀಮೆಯನ್ನಾಳಿದ ಆದಿಲ್‌ಶಾಹಿಗಳ ಬಿಜಾಪುರಕ್ಕೂ ಈ ವಿದ್ಯೆ ಬಂತು. ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ಆಸ್ಥಾನದ ಫರಿಶ್ತಾನನ್ನು ನೀವು ಇತಿಹಾಸಕಾರನೆಂದು ಓದಿದ್ದೀರಿ. ಆತ ವೈದ್ಯನೂ ಹೌದು. ಭಾರತೀಯ ವೈದ್ಯಪದ್ಧತಿಯನ್ನು ಪಾರ್ಸಿ ಓದುಗರಿಗೆ ತಿಳಿಸಲು ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥ ಬರೆದ. ಇನ್ನೊಬ್ಬರ ವಿದ್ಯೆಯನ್ನು ಕಲಿಯಲು ಆತ ನಾಚಿಕೊಳ್ಳಲಿಲ್ಲ.

ನಪುಂಸಕರ ಬಗ್ಗೆ ಗ್ರೀಕರು ಬರೆದಿಟ್ಟ ಸಾಲಿಗೆ ಉತ್ತರ ಸಿಕ್ಕಿದ್ದು 1942ರಲ್ಲಿ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾ ವಿಜ್ಞಾನಿ, ಪ್ರಾಯಕ್ಕೆ ಬರುವ ಮುಂಚೆಯೇ ವೃಷಣ ಕಳೆದುಕೊಂಡವರನ್ನು ಪರೀಕ್ಷಿಸಿ ಅವರ ತಲೆ ಬೋಳಾಗದಿದ್ದುದನ್ನು ದಾಖಲಿಸಿದರು. ಅವರಿಗೆ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನು ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಕೊಡುವುದನ್ನು ನಿಲ್ಲಿಸಿದರೆ ಉದುರುವುದೂ ನಿಂತಿತು, ಹೋದ ಕೂದಲು ಮಾತ್ರ ಮರಳಿ ಬರಲಿಲ್ಲ. ಹಾರ್ಮೋನು ಮತ್ತು ವಂಶ ಎರಡೂ ಸೇರಬೇಕು, ಒಂದೇ ಸಾಲದು ಎಂಬುದು ಹೀಗೆ ಖಚಿತವಾಯಿತು. ಆದರೆ ಆ ಕಾಲದ ಅಮೆರಿಕದ ಹಲವು ರಾಜ್ಯಗಳಲ್ಲಿ ಬುದ್ಧಿಮಾಂದ್ಯರನ್ನು ಸಂತಾನಹೀನರನ್ನಾಗಿಸುವ ಕಾಯ್ದೆಗಳಿದ್ದವು, ಕೆಲವು ಕಡೆ ವೃಷಣವನ್ನೇ ತೆಗೆಯುತ್ತಿದ್ದರು ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಹ್ಯಾಮಿಲ್ಟನ್ನರ ನಂತರದ ಒಂದು ಅಧ್ಯಯನ ಕಾನ್ಸಾಸ್ ರಾಜ್ಯದ ಅಂಥ ಸಂಸ್ಥೆಯೊಂದರ ನಿವಾಸಿಗಳ ಮೇಲೆಯೇ ನಡೆದದ್ದು.

ಮುಂದಿನ ಹೆಜ್ಜೆ ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯಲ್ಲಿ. ಅಲ್ಲಿ ಹುಟ್ಟುವಾಗ ಹೆಣ್ಣೆಂದು ತೋರಿದ ಕೆಲವು ಮಕ್ಕಳು ಪ್ರಾಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಊರಿನವರಿಗೆ ಇದು ಗೊತ್ತಿದ್ದ ಸಂಗತಿಯೇ. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲೆ ಎಂಬ ವೈದ್ಯೆ 1974ರಲ್ಲಿ ಇದರ ಕಾರಣ ಪ್ರಕಟಿಸಿದರು. ಟೆಸ್ಟೊಸ್ಟಿರೋನನ್ನು ಡಿಎಚ್‌ಟಿ ಎಂಬ ಇನ್ನೊಂದು ರೂಪಕ್ಕೆ ತಿರುಗಿಸುವ ಕಿಣ್ವ ಅವರಲ್ಲಿ ಕೊರತೆಯಾಗಿತ್ತು. ದೊಡ್ಡವರಾದ ಮೇಲೆ ಅವರ ಹಣೆಯ ಮೇಲಿನ ಕೂದಲು ಹಿಂದೆ ಸರಿಯಲಿಲ್ಲ, ಪ್ರಾಸ್ಟೇಟ್ ಗ್ರಂಥಿಯೂ ಸಣ್ಣದಾಗಿಯೇ ಉಳಿಯಿತು. ಈ ಸುಳಿವಿನಿಂದ ಬಂದದ್ದು ಫಿನಾಸ್ಟೆರೈಡ್ ಗುಳಿಗೆ: ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ತೊಂದರೆಗೆ, 1997ರಲ್ಲಿ ಗಂಡಸರ ಬೋಳುತನಕ್ಕೆ ಒಪ್ಪಿಗೆ ಪಡೆಯಿತು. ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಬಂದದ್ದು ಇನ್ನೂ ವಿಚಿತ್ರವಾಗಿ. ಅದು ಮೊದಲು ರಕ್ತದೊತ್ತಡದ ಗುಳಿಗೆ. ತಿಂದವರ ಮೈಮೇಲೆ, ಮುಖದ ಮೇಲೆ ಕೂದಲು ಹುಟ್ಟಿತು. 1988ರಲ್ಲಿ ಅದೇ ತಲೆಯ ಔಷಧಿಯಾಯಿತು. ಹಚ್ಚುವುದನ್ನು ಬಿಟ್ಟರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ತಾಯಿಯ ತಂದೆ ಬೋಳಾಗಿದ್ದರೆ ಮೊಮ್ಮಗನೂ ಬೋಳು ಎಂಬ ಮಾತು ನಮ್ಮಲ್ಲಿದೆ. ಗಂಡು ಹಾರ್ಮೋನಿನ ಸಂದೇಶವನ್ನು ಪಡೆಯುವ ಒಂದು ಮುಖ್ಯ ಜೀನ್ ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಇದರಲ್ಲಿ ಅರ್ಧ ಸತ್ಯವಿದೆ. 2017ರಲ್ಲಿ ಬ್ರಿಟನ್ನಿನ 52,000ಕ್ಕೂ ಹೆಚ್ಚು ಗಂಡಸರ ಅಧ್ಯಯನ 280ಕ್ಕೂ ಮಿಕ್ಕಿದ ಜೀನ್ ಪ್ರದೇಶಗಳನ್ನು ಗುರುತಿಸಿತು. ತಂದೆಯ ಕಡೆಯದೂ ಪಾಲಿದೆ.

ಇನ್ನು ದಿನಾ ಬಾಚಣಿಕೆಗೆ ಬರುವ ಕೂದಲು. ಅದನ್ನು ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿಟ್ಟು, ಪಾತ್ರೆಯವ ಬಂದಾಗ ಕೊಡುವ ಅಜ್ಜಿಯರನ್ನು ನೀವು ಕಂಡಿದ್ದೀರಿ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಶುದ್ಧಮಾಡಿ ಕಳಿಸುವ ದೊಡ್ಡ ಉದ್ಯಮವೇ ಇದೆ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಆರೋಗ್ಯದ ಲಕ್ಷಣವೇ. ಟೈಫಾಯ್ಡ್, ಹೆರಿಗೆ, ದೊಡ್ಡ ಆಪರೇಷನ್ ಆದಾಗ ಬಹಳಷ್ಟು ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳ ನಂತರ ಗೊಂಚಲು ಗೊಂಚಲಾಗಿ ಬೀಳುತ್ತವೆ. 1961ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಇದನ್ನು ವಿವರಿಸಿದರು. ಕೋವಿಡ್ ಬಂದುಹೋದ ಮೇಲೆ ಎಷ್ಟೋ ಮನೆಗಳಲ್ಲಿ ಆದದ್ದು ಇದೇ. ಇದು ಸಾಮಾನ್ಯವಾಗಿ ತಾನಾಗಿಯೇ ಸರಿಯಾಗುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚುತ್ತಿದ್ದರೋ ಕೀರ್ತಿಯೆಲ್ಲ ಆ ಎಣ್ಣೆಗೇ! ಜಾತ್ರೆಯ ವ್ಯಾಪಾರಿಯ ಮೂರು ತಿಂಗಳ ಲೆಕ್ಕದ ಗುಟ್ಟು ಇಲ್ಲಿದೆ ಎಂದು ನನಗನಿಸುತ್ತದೆ.

ಕಾರಣ ಊಟದಲ್ಲೂ ಇರಬಹುದು. 2024ರ ಕೊನೆಯಲ್ಲಿ, 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಶೇಗಾಂವ ತಾಲೂಕಿನ ಹಳ್ಳಿಗಳಲ್ಲಿ ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿಹೋಯಿತು. ಅವರಲ್ಲಿ ಕಾಲೇಜು ಹುಡುಗಿಯರೂ ಇದ್ದರು. ಸೋಂಕೆಂದು ಹೆದರಿ ಕೆಲವರು ತಲೆ ಬೋಳಿಸಿಕೊಂಡರು. ಐಸಿಎಂಆರ್ ವಿಜ್ಞಾನಿಗಳು ಬಂದು ಮಾದರಿಗಳನ್ನು ಒಯ್ದರು. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ತಮ್ಮದೇ ತಪಾಸಣೆ ನಡೆಸಿ, ರೇಷನ್ ಗೋಧಿಯಲ್ಲಿ ಸೆಲೆನಿಯಂ ಅತಿಯಾಗಿದ್ದುದನ್ನೂ ರೋಗಿಗಳಲ್ಲಿ ಸತು ಕಡಿಮೆಯಿದ್ದುದನ್ನೂ ವರದಿ ಮಾಡಿದರು. ಅಲ್ಲಿ ಯಾವ ಎಣ್ಣೆಯಿಂದಲೂ ಉಪಯೋಗವಿರಲಿಲ್ಲ. ಹಿಟ್ಟಿನ ಡಬ್ಬಿಯನ್ನು ಪರೀಕ್ಷಿಸಬೇಕಿತ್ತು.

ನರೆಯ ಸಂಶೋಧನೆ ಇನ್ನೂ ಹೊಸದು. ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕೋಶಗಳಿಗೆ ಜನ್ಮ ಕೊಡುವ ಮೂಲಕೋಶಗಳಿವೆ. ಅವು ಕ್ಷೀಣಿಸುವುದೇ ನರೆಗೆ ಕಾರಣವೆಂದು 2005ರಲ್ಲಿ ಎಮಿ ನಿಶಿಮುರಾ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು. ಚಿಂತೆಯಿಂದ ನರೆಯುತ್ತದೆ ಎಂಬ ಹಿರಿಯರ ಮಾತನ್ನು 2020ರಲ್ಲಿ ಹಾರ್ವರ್ಡಿನ ಯಾ-ಚೀ ಷು ತಂಡ ಪರೀಕ್ಷಿಸಿತು. ಒತ್ತಡಕ್ಕೊಳಗಾದ ಇಲಿಗಳಲ್ಲಿ ನರತಂತುಗಳು ಹೊರಬಿಡುವ ನಾರ್‌ಅಡ್ರಿನಲಿನ್ ಆ ಮೂಲಕೋಶಗಳನ್ನು ಒಮ್ಮೆಲೇ ಖರ್ಚು ಮಾಡಿಬಿಡುತ್ತದೆ. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಪಿಕಾರ್ಡ್ ತಂಡ 14 ಜನರ ಒಂದೊಂದೇ ಕೂದಲನ್ನು ಉದ್ದಕ್ಕೂ ಅಳೆದು ನೋಡಿತು. ರಜೆಗೆ ಹೋಗಿದ್ದ ಒಬ್ಬರ ತಲೆಯಲ್ಲಿ ಐದು ನರೆಗೂದಲು ಅದೇ ಅವಧಿಯಲ್ಲಿ ಮತ್ತೆ ಕಪ್ಪಾಗಿದ್ದವು. ಹಾಗೆಂದು ಎಪ್ಪತ್ತರ ತಲೆ ರಜೆಯಿಂದ ಕಪ್ಪಾಗುವುದಿಲ್ಲ. ಇದು ನರೆಯತೊಡಗಿದ ಹೊಸ್ತಿಲಲ್ಲಿರುವ ಕೂದಲಿನ ಮಾತು ಎನ್ನುತ್ತಾರೆ ಅವರೇ. ನಮ್ಮ ದೇಶದಲ್ಲಿ 25ಕ್ಕಿಂತ ಮುಂಚೆ ಬಂದರೆ ಅದನ್ನು ಬಾಲನರೆ ಎನ್ನುತ್ತಾರೆ. ಬಿ12 ಕೊರತೆಯಿಂದ ಬಂದ ಬಾಲನರೆ ಕೊರತೆ ತುಂಬಿದಾಗ ಕೆಲವರಲ್ಲಿ ಮತ್ತೆ ಕಪ್ಪಾದದ್ದುಂಟು. ರೋಗ ಮತ್ತು ಮುಪ್ಪಿನ ನಡುವಿನ ಗೆರೆ ಹೀಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತಿದೆ.

ಅಲ್ಲಿಯವರೆಗೆ ಮೆಹಂದಿ ಇದ್ದೇ ಇದೆ. ಮಕ್ಕಾ ವಿಜಯದ ದಿನ ಹಜ್ರತ್ ಅಬೂಬಕರ್‌(ರ) ಅವರ ವೃದ್ಧ ತಂದೆಯ ಬಿಳಿಗೂದಲನ್ನು ಕಂಡು ಪ್ರವಾದಿವರ್ಯರು(ಸ) ಅದಕ್ಕೆ ಬಣ್ಣ ಹಚ್ಚಲು, ಕಪ್ಪನ್ನು ಮಾತ್ರ ಬಿಡಲು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆದರೆ ಪೇಟೆಯಲ್ಲಿ ‘ಕಾಲಿ ಮೆಹಂದಿ’ ಎಂದು ಮಾರುವ ಪುಡಿಯನ್ನು ಕೊಳ್ಳುವ ಮುಂಚೆ ಪಾಕೀಟಿನ ಹಿಂಬದಿ ಓದಿರಿ. ಮೆಹಂದಿ ಸೊಪ್ಪು ಕೆಂಪು ಬಣ್ಣವನ್ನಷ್ಟೇ ಕೊಡುತ್ತದೆ. ಕಪ್ಪು ಬರುವುದು ಹೆಚ್ಚಾಗಿ ಅದಕ್ಕೆ ಬೆರೆಸಿದ ಪಿಪಿಡಿ ಎಂಬ ರಾಸಾಯನಿಕದಿಂದ. ಅದು ಕೆಲವರಿಗೆ ಮುಖ ಬಾತು ಕಣ್ಣು ಮುಚ್ಚುವಷ್ಟು ಅಲರ್ಜಿ ಮಾಡುತ್ತದೆ, ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡಿರಿ. ಪಾಕೀಟನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ.